ಮುತ್ತಜ್ಜನಾದ ಕಾಗೆ

ಕಾಗೆಗೆ ಭಗವಂತ ಇಂಪಾದ ಕಂಠ ಕೊಡದಿದ್ದರೂ ಶ್ರಾದ್ಧದ ದಿನ ಮೊದಲ ತುತ್ತಿನ ಮರ್ಯಾದೆ ಕೊಟ್ಟಿದ್ದಾನೆ. ಅಂದು ಒಂದು ಮನೆಯವರು ಹಿತ್ತಿಲಲ್ಲಿ ಎಲೆಯ ಮೇಲೆ ಪಿಂಡವಿಟ್ಟು, ಹಸಿದ ಹೊಟ್ಟೆಯಲ್ಲಿ ಕೈಮುಗಿದು ಕಾಯುತ್ತಿದ್ದರು. ಕಾಗೆ ಮಾತ್ರ ನುಗ್ಗೆಮರದಿಂದ ಇಳಿಯಲಿಲ್ಲ.

"ಬೆಳಗಿನಿಂದ ನೀನೂ ಉಪವಾಸ. ಇಳಿಯೋ ಮಾರಾಯ," ಎಂದಿತು ಕೆಳಗೆ ಕಟ್ಟಿದ್ದ ಹಸು.

"ವಡೆ ಎಲ್ಲಿ? ನಾನು ಮುಟ್ಟದೆ ಇವರು ಉಣ್ಣುವ ಹಾಗಿಲ್ಲ. ಇವತ್ತು ನಾನು ಈ ಮನೆಯ ಮುತ್ತಜ್ಜ, ತಿಳೀತೇನು?"

ಕಾಗೆ ಬರಲಿಲ್ಲವೆಂದು ಮನೆಯವರು ವಡೆ ತಂದಿಟ್ಟರು.

"ತುಪ್ಪ?" ಎಂದಿತು ಕಾಗೆ.

ತುಪ್ಪವನ್ನೂ ಬಡಿಸಿದರು.

"ಪಾಯಸ?"

ಅಷ್ಟರಲ್ಲಿ ಪುರೋಹಿತರ ಹೊಟ್ಟೆ ಗುರ್ ಎಂದಿತು. "ಕಾಗೆ ಬಾರದಿದ್ದರೆ ಗೋವಿಗೆ ಕೊಡಿ, ಅದಕ್ಕೂ ಶಾಸ್ತ್ರವಿದೆ," ಎಂದರು. ಎಲೆಯನ್ನು ಮುಂದಿಟ್ಟದ್ದೇ ತಡ, ಹಸು ಎಲೆಸಮೇತ ಎಲ್ಲವನ್ನೂ ಮುಗಿಸಿತು.

"ಅದು ನನ್ನ ಪಾಲು!" ಕಾಗೆ ಹಾರಿಬಂದು ಕಿರುಚಿತು. "ನೀನೇನು ಇವರ ಮುತ್ತಜ್ಜಿಯೇ?"

"ಅಲ್ಲಪ್ಪ. ಹಸಿದಿದ್ದೆ, ಕೊಟ್ಟರು, ತಿಂದೆ."

ಹಸುವಿನ ಮೂತಿಗೆ ಒಂದೇ ಒಂದು ಅಗುಳು ಅಂಟಿಕೊಂಡಿತ್ತು. ಕಾಗೆ ಅದನ್ನೇ ನೋಡುತ್ತ ಕುಪ್ಪಳಿಸಿ ಹತ್ತಿರ ಬಂತು. ಆಮೇಲೆ, "ಅಕ್ಕಾ, ಅದನ್ನು ನಾನು ತೆಗೆದುಕೊಳ್ಳಲೇ?" ಎಂದು ಕೇಳಿತು.

ಹಸು ಮೂತಿ ಚಾಚಿತು. ದೇವರ ದಯೆ ದೊಡ್ಡದು, ಮುತ್ತಜ್ಜನಿಗೆ ಅಂದು ಅಷ್ಟಾದರೂ ಸಿಕ್ಕಿತು.