ಎಕ್ಕದ ಎಲೆಯ ಹಾಲು

"ಹೋಗ್ತಾಳಂತ, ಮರಳುಗಾಡಿಗೆ! ಎಂಟು ದಿನದಾಗ ಇದೇ ಕಟ್ಟಿ ಮ್ಯಾಲೆ ಬಂದು ಕುಂತಿರತಾಳ, ನೋಡ್ತಿರ್ರಿ," ಎಂದು ಮೈದುನ ಹೇಮಣ್ಣ ಓಣಿಯವರೆಲ್ಲ ಕೇಳುವಂತೆ ಹೇಳಿದ್ದ. ಸಾವಂತ್ರೆವ್ವನ ಬಗ್ಗೆ ಅವನು ಇಂಥ ಭವಿಷ್ಯ ನುಡಿದದ್ದು ಅದೇ ಮೊದಲಲ್ಲ. ಗಂಡ ತೀರಿಕೊಂಡ ಮೇಲೆ ಆಕೆ ಖಾನಾವಳಿ ತೆರೆದಾಗ ಮೂರು ತಿಂಗಳು ಒಲೆ ಉರಿಯುವುದಿಲ್ಲ ಎಂದಿದ್ದ. ಆ ಒಲೆ ಹತ್ತೊಂಬತ್ತು ವರ್ಷದಿಂದ ಉರಿಯುತ್ತಿತ್ತು. ಈ ವಯಸ್ಸಿನಲ್ಲಿ ಅಕ್ಷರ ಹತ್ತುವುದಿಲ್ಲ ಎಂದೂ ಅಂದಿದ್ದ. ಮೆಣಸಿನಕಾಯಿ, ಅರಿಸಿನ ಕಟ್ಟಿ ಬಂದ ಪತ್ರಿಕೆಯ ಹಾಳೆಗಳನ್ನು ಬಿಚ್ಚಿ, ಒಂದೊಂದೇ ಅಕ್ಷರ ಕೂಡಿಸಿ, ಆಕೆ ಯಾರ ಸಹಾಯವೂ ಇಲ್ಲದೆ ಓದು ಕಲಿತಿದ್ದಳು.

ಅವನ ಇನ್ನೊಂದು ಮಾತು ಮಾತ್ರ ಮುಳ್ಳಾಗಿ ಒಳಗೇ ಉಳಿದಿತ್ತು. ಗಂಡನ ದಿನಕರ್ಮ ಮುಗಿದ ಮರುದಿನ, ಆಕೆ ತಾಟಿನ ಮುಂದೆ ಕುಳಿತಿದ್ದಾಗ, "ಇನ್ನೆಷ್ಟು ದಿನ ಈ ಬಿಟ್ಟಿ ಕೂಳು?" ಎಂದಿದ್ದ. ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿ ಎದ್ದವಳು, ಅಂದಿನಿಂದ ತಾನು ಬೇಯಿಸದ, ತಾನು ಬೆಲೆ ಕೊಡದ ಒಂದು ಅಗುಳನ್ನೂ ಬಾಯಿಗಿಟ್ಟಿರಲಿಲ್ಲ. ನೆರೆಮನೆಯ ಹೋಳಿಗೆಯನ್ನೂ ಇಲ್ಲ, ಮಠದ ಪ್ರಸಾದವನ್ನೂ ಇಲ್ಲ.

ಆ ಕಾಲದಲ್ಲಿ ಪೂಜ್ಯ ಗೂಳಯ್ಯಜ್ಜನವರು ಆಕೆಯ ಖಾನಾವಳಿಗೆ ಬೆನ್ನು ತಾಗಿದ್ದ ಒಂದು ಪಾಳು ಗಾಣದ ಮನೆಯಲ್ಲಿ ಇರುತ್ತಿದ್ದರು. ಒಂದು ಚಾಪೆ, ಒಂದು ಕಂಬಳಿ, ನೀರಿಗೊಂದು ಸೋರೆಬುರುಡೆ; ಇಷ್ಟೇ ಅವರ ಸಂಸಾರ. ಅವರು ಯಾರ ಬಾಗಿಲಿಗೂ ಹೋಗುತ್ತಿರಲಿಲ್ಲ. ಯಾರಾದರೂ ತಂದುಕೊಟ್ಟರೆ, ಅದು ನಿನ್ನೆಯ ಅಂಬಲಿಯಾದರೂ ಸರಿ, ಎರಡೂ ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದರು. ಆ ಒಡ್ಡಿದ ಕೈಗಳನ್ನು ಕಂಡರೆ ಸಾವಂತ್ರೆವ್ವನಿಗೆ ಮೈ ಉರಿಯುತ್ತಿತ್ತು.

ಒಂದು ದಿನ ತಡೆಯದೆ ಕೇಳಿಯೇಬಿಟ್ಟಳು. "ಅಜ್ಜಾರ, ತಪ್ಪು ತಿಳ್ಕೋಬ್ಯಾಡ್ರಿ. ಕೈಕಾಲು ನೆಟ್ಟಗದಾವು. ದುಡುದು ಉಂಡ್ರ ಏನಾಗತೈತಿ?"

"ದುಡೀತೀನಲ್ಲವ್ವಾ," ಎಂದರು ಅಜ್ಜನವರು.

"ಏನು ದುಡೀತೀರಿ? ನಾ ಒಂದಿನಾನೂ ನೋಡಿಲ್ಲ."

"ಕೊಟ್ಟದ್ದನ್ನ ಇಸಗೋತೀನಿ. ಭಾಳ ಕಷ್ಟದ ಕೆಲಸ ಅದು. ಮಾಡಿ ನೋಡು."

"ಹೌದ್ರಿ, ಬೆನ್ನು ಮುರೀತಿರಬೇಕು," ಎಂದು ಆಕೆ ತಿರುಗಿ ನೋಡದೆ ಒಳಗೆ ಹೋದಳು.

ಅಜ್ಜನವರ ಗುರುಗಳ ಗುರುಗಳು ಪಶ್ಚಿಮದ ಮರುಭೂಮಿಯಲ್ಲಿ ದೇಹವಿಟ್ಟಿದ್ದರು. ಆ ಗದ್ದುಗೆಗೆ ಒಮ್ಮೆ ಹಣೆಯಿಟ್ಟು ಬರಬೇಕೆಂದು ಅಜ್ಜನವರು ಆ ವರ್ಷ ಹೊರಟು ನಿಂತರು. ಜೊತೆಗೆ ಬರುತ್ತೇವೆಂದಿದ್ದ ಭಕ್ತರು ಮರಳಿನ ಹೆಸರು ಕೇಳಿ ಒಬ್ಬೊಬ್ಬರೇ ಹಿಂದೆ ಸರಿದರು. ಆಗ ಸಾವಂತ್ರೆವ್ವ ಮುಂದೆ ಬಂದಳು.

"ನಾ ಬರ್ತೀನಿ. ನನ್ನ ಟಿಕೇಟು ನಂದು, ನನ್ನ ಹಿಟ್ಟು ನಂದು. ಯಾರ ತಾಟಿಗೂ ಕೈ ಹಾಕಾಕಿ ಅಲ್ಲ ನಾ."

"ಬಾರವ್ವಾ," ಎಂದರು ಅಜ್ಜನವರು. ಅಷ್ಟೇ.

ಭಕ್ತಿಯಿಂದ ಹೊರಟವಳಲ್ಲ ಆಕೆ. ಹೇಮಣ್ಣನ ಬಾಯಿ ಮುಚ್ಚಿಸಬೇಕಿತ್ತು. ಕೊಡುವವರೇ ಇಲ್ಲದ ಮರಳಿನಲ್ಲಿ ಈ ಮುದುಕಪ್ಪ ಯಾರಿಂದ ಏನು ಇಸಗೊಳ್ಳುತ್ತಾನೋ, ಅದನ್ನೂ ಕಣ್ಣಾರೆ ನೋಡಬೇಕಿತ್ತು.

ರೈಲು ಇಳಿದ ಮೂರನೆಯ ದಿನಕ್ಕೆ ದಾರಿ ಎಂಬುದು ಮುಗಿಯಿತು. ಆಮೇಲೆ ಬರೀ ಮರಳು. ನಿಂತ ನೀರು ನಿದ್ದೆಯಲ್ಲಿ ಉಸಿರಾಡಿದಂತೆ ಅದು ಏಳುತ್ತಿತ್ತು, ಇಳಿಯುತ್ತಿತ್ತು. ಇಟ್ಟ ಹೆಜ್ಜೆ ಹಿಂದೆಯೇ ಅಳಿಸಿಹೋಗುತ್ತಿತ್ತು. ದೂರದಲ್ಲಿ ಕೆರೆಯೊಂದು ಹೊಳೆಯುತ್ತಿತ್ತು. ನಡೆದಷ್ಟೂ ಅದೂ ನಡೆಯುತ್ತಿತ್ತು. ಅಲ್ಲಲ್ಲಿ ಒಂಟಿ ಬನ್ನಿ ಮರಗಳು ನಿಂತಿದ್ದವು. ಊರಿನಲ್ಲಿ ತಾನು ದಸರೆಗೆ ಸುತ್ತು ಬರುವ ಅದೇ ಬನ್ನಿ ಇಲ್ಲಿಯೂ ಇರುವುದನ್ನು ಕಂಡು ಸಾವಂತ್ರೆವ್ವ ಒಂದರ ಕಾಂಡವನ್ನು ಮುಟ್ಟಿ ನೋಡಿದಳು. ತಾನು ನಡೆಯುತ್ತಿದ್ದೇನೋ, ಯಾರದೋ ಕನಸಿನಲ್ಲಿ ಯಾರೋ ತನ್ನನ್ನು ನಡೆಸುತ್ತಿದ್ದಾರೋ ಎಂದು ಆಕೆಗೆ ಅನುಮಾನ ಬರುತ್ತಿತ್ತು. ಮುಂದೆ ಅಜ್ಜನವರ ಕಂಬಳಿ ಒಂದು ಕಪ್ಪು ಚುಕ್ಕೆಯಾಗಿ ತೇಲುತ್ತಿತ್ತು.

ಗಂಟೆಗಳ ಸದ್ದು ಮೊದಲು ಬಂತು, ಒಂಟೆಗಳು ಆಮೇಲೆ ಬಂದವು. ರಾಯಿಕಾ ಎಂಬ ಒಂಟೆ ಕಾಯುವ ಅಲೆಮಾರಿ ಜನ ಅವರು. ಗದ್ದುಗೆಯ ದಿಕ್ಕಿಗೇ ಹೊರಟಿದ್ದರು. ಗುಂಪಿಗೆ ಹಿರಿಯಳು ದಾಪು ಮಾ ಎಂಬ ಮುದುಕಿ. ಆಕೆಯ ಮಗ ವಾಘಾರಾಮ, ಕೆಂಪು ಮುಂಡಾಸಿನ ಉದ್ದನೆಯ ಆಳು. ಅವನ ಹೆಂಡತಿ ಹಂಜಾಳ ಮಡಿಲಲ್ಲಿ ಎರಡು ತಿಂಗಳ ಕೂಸು. ಊರಿನ ಮಾರವಾಡಿ ಅಂಗಡಿಯಲ್ಲಿ ಕಾಳುಕಡಿ ಕೊಳ್ಳುತ್ತ ಕೊಳ್ಳುತ್ತ ಸಾವಂತ್ರೆವ್ವ ಅವರ ಮಾತು ಕಲಿತಿದ್ದಳು. ಅಜ್ಜನವರಿಗೂ ಅದು ಅಷ್ಟಿಷ್ಟು ಬರುತ್ತಿತ್ತು. ಹಾಗಾಗಿ ಯಾರ ನಡುವೆಯೂ ಮಾತಿಗೆ ತೊಡಕಾಗಲಿಲ್ಲ. "ಎಲ್ಲಿಂದ ಬಂದಿರಿ, ಯಾಕೆ ಬಂದಿರಿ" ಎಂದು ದಾಪು ಮಾ ಕೇಳಲಿಲ್ಲ. "ಬಿಸಿಲು ಹತ್ತಿದೆ, ನೆರಳಿಗೆ ಬನ್ನಿ," ಎಂದಳು.

ಅವರ ಸಜ್ಜೆಯ ಹಿಟ್ಟು ಮುಗಿದು ವಾರವಾಗಿತ್ತು. ಮುಂದಿನ ಹಳ್ಳಿ ಸಿಗುವವರೆಗೆ ಒಂಟೆಯ ಹಾಲೊಂದೇ ಅವರ ಊಟ. ವಾಘಾರಾಮ ಒಂದು ಕಾಲಿನ ಮೇಲೆ ನಿಂತು, ಇನ್ನೊಂದನ್ನು ಮಡಿಸಿ, ಆ ಮೊಣಕಾಲಿನ ಮೇಲೆ ಗಡಿಗೆ ಇಟ್ಟುಕೊಂಡು ಕರೆಯುತ್ತಿದ್ದ. ನಾಲ್ಕು ಮೊಲೆಗಳಲ್ಲಿ ಎರಡು ಮರಿಗೆ, ಎರಡು ಮನುಷ್ಯರಿಗೆ. ಹಾಲನ್ನು ಕುಡಿಯುತ್ತಿದ್ದುದು ಎಕ್ಕದ ಎಲೆಯನ್ನು ದೊನ್ನೆಯಂತೆ ಮಡಿಸಿಕೊಂಡು. "ಎಕ್ಕದ ಹಾಲು ತಾಗಿದ್ರ ಕಣ್ಣು ಹೋಗ್ತಾವು," ಎಂದು ಸಾವಂತ್ರೆವ್ವ ಗಾಬರಿಯಾದಳು. ಹಂಜಾ ನಕ್ಕು, ಎಲೆಯ ತೊಟ್ಟನ್ನು ಮರಳಿಗೆ ಒರೆಸಿ ಮಡಿಸುವ ಬಗೆಯನ್ನು ತೋರಿಸಿದಳು. ಆದರೂ ಸಾವಂತ್ರೆವ್ವ ಅವರ ಹಾಲು ಮುಟ್ಟದೆ ತನ್ನ ರೊಟ್ಟಿ ತಾನು ಬಡಿದುಕೊಂಡಳು.

ಮರುದಿನ ಮಧ್ಯಾಹ್ನ ಗಾಳಿ ಎದ್ದಿತು. ಆಕಾಶ ಅರಿಸಿನದ ಬಣ್ಣಕ್ಕೆ ತಿರುಗಿತು. ಒಂಟೆಗಳು ಕಣ್ಣು ಮುಚ್ಚಿ ಕುಳಿತವು, ಅವುಗಳ ಮಗ್ಗುಲಿಗೆ ಮನುಷ್ಯರು ಮುದುಡಿದರು. ಗಾಳಿ ನಿಂತಾಗ ಸಾವಂತ್ರೆವ್ವನ ಹಿಟ್ಟಿನ ಚೀಲ ಹರಿದು, ಹಿಟ್ಟು ಯಾವುದು, ಮರಳು ಯಾವುದು ತಿಳಿಯದಾಗಿತ್ತು. ಆಕೆ ಅದನ್ನು ಸೆರಗಿನಲ್ಲಿ ಜರಡಿ ಹಿಡಿದು ನೋಡಿದಳು. ರೊಟ್ಟಿ ಬಡಿದು, ಕಚ್ಚಿ, ಉಗುಳಿದಳು.

"ಹಾಲು ಕುಡಿ, ಅಕ್ಕಾ," ಎಂದು ಹಂಜಾ ಕರೆದಳು.

"ನನಗ ಹಸಿವಿಲ್ಲ."

ಮೊದಲ ದಿನ ಹಾಗೆ ಹೇಳಿದಳು, ಎರಡನೆಯ ದಿನವೂ ಹೇಳಿದಳು. ಬರೀ ನೀರು ಕುಡಿದು ನಡೆದಳು. "ಒಂಟೆ ನೀರಿಲ್ಲದೆ ವಾರ ಇರುತ್ತದೆ. ಈ ಹೆಂಗಸು ಅದಕ್ಕೂ ಪಾಠ ಹೇಳಿಕೊಡುತ್ತಾಳೆ," ಎಂದು ವಾಘಾರಾಮ ತಮಾಷೆ ಮಾಡಿದ. ಮೂರನೆಯ ದಿನ ದಿಬ್ಬಗಳು ಆಕೆಯ ಸುತ್ತ ನಿಧಾನವಾಗಿ ತಿರುಗತೊಡಗಿದವು. ಸಂಜೆಗೆ ಬಿಡಾರ ಹೂಡಿದಾಗ ಇದ್ದಲ್ಲೇ ಮರಳಿನ ಮೇಲೆ ಕುಳಿತುಬಿಟ್ಟಳು.

ದಾಪು ಮಾ ತಾನೇ ಎಲೆ ಮಡಿಸಿ, ನೊರೆಹಾಲು ತುಂಬಿ ಆಕೆಯ ಕೈಗೆ ಕೊಟ್ಟಳು. ಹಾಲಿನ ಬಿಸಿ ಎಲೆಯನ್ನು ದಾಟಿ ಬೆರಳಿಗೆ ಬಂತು. ಇನ್ನು ಆಗುವುದಿಲ್ಲವೆಂದು ಸಾವಂತ್ರೆವ್ವನಿಗೆ ತಿಳಿಯಿತು. ಆದರೆ ಸೋತು ಕುಡಿಯುವುದೂ ಆಕೆಗೆ ಗೊತ್ತಿರಲಿಲ್ಲ. ಸೊಂಟದ ಸಂಚಿಯಿಂದ ಒಂದು ನೋಟು ತೆಗೆದು ಹಾಲಿನ ಗಡಿಗೆಯ ಕೆಳಗೆ ಸಿಕ್ಕಿಸಿ, ಆಮೇಲೆ ಎಲೆಯನ್ನು ತುಟಿಗೆ ಎತ್ತಿದಳು.

"ಅದೇನು?" ಎಂದಳು ದಾಪು ಮಾ.

"ಹಾಲಿನ ಬೆಲಿ. ನಾ ಯಾರದೂ ಬಿಟ್ಟಿ ಕುಡಿಯೂದಿಲ್ಲ."

ದಾಪು ಮಾ ಸಿಟ್ಟಾಗಲಿಲ್ಲ. ನಿದ್ದೆಯಲ್ಲಿರುವ ಕೂಸಿನ ಕೈಯಿಂದ ಚಾಕು ತೆಗೆಯುವಂತೆ ಮೆಲ್ಲಗೆ ಆ ಎಲೆಯನ್ನು ಆಕೆಯ ಕೈಯಿಂದ ಬಿಡಿಸಿಕೊಂಡು ಹಾಲನ್ನು ಮರಳಿಗೆ ಸುರಿದಳು. ಗಡಿಗೆಯನ್ನೂ ಬೋರಲು ಹಾಕಿದಳು. ಇಡೀ ಬಿಡಾರದ ರಾತ್ರಿಯ ಊಟ ಅದು. ಮರಳು ಒಂದು ಗಳಿಗೆ ಬೆಳ್ಳಗಾಗಿ ಮತ್ತೆ ಮೊದಲಿನಂತಾಯಿತು.

"ಹಾಲು ಮಾರುವುದೂ ಒಂದೇ, ಮಕ್ಕಳನ್ನು ಮಾರುವುದೂ ಒಂದೇ ನಮಗೆ," ಎಂದಳು ದಾಪು ಮಾ. "ಬೆಲೆ ಕಟ್ಟಿದ ಮೇಲೆ ಈ ಒಂಟೆಗಳ ಕೆಚ್ಚಲಿಗೆ ನಾವು ಕೈ ಹಾಕುವಂತಿಲ್ಲ. ಮರಿಗಳು ಕುಡಿದುಕೊಳ್ಳಲಿ. ಬೆಲೆ ಕಟ್ಟಿದವಳು ಮಗಳಾಗಿ ಬಂದು ಕೇಳಿದರೆ ಮತ್ತೆ ಹಾಲು ಕರೆಯುತ್ತೇವೆ. ನಮ್ಮ ಹಿರಿಯರು ಇಟ್ಟ ಕಟ್ಟು ಇದು."

ನೋಟನ್ನು ಮಡಚಿ ಆಕೆಯ ಮಡಿಲಿಗೆ ಹಾಕಿದಳು. ಯಾರೂ ಗೊಣಗಲಿಲ್ಲ. ಸಾವಂತ್ರೆವ್ವನಿಗೆ ಅದೇ ಸಹಿಸಲಾಗಲಿಲ್ಲ, ಬೈದಿದ್ದರೆ ಜಗಳವಾಡಬಹುದಿತ್ತು. "ಕೇಳಾಕಿ ಅಲ್ಲ ನಾ," ಎಂದು ತನಗೆ ತಾನೇ ಹೇಳಿಕೊಳ್ಳುತ್ತ ದೂರದ ಬನ್ನಿ ಮರದ ಬುಡಕ್ಕೆ ಹೋಗಿ ಕುಳಿತಳು. ಗುಡಾರದಲ್ಲಿ ಹಂಜಾಳ ಕೂಸು ಮೊಲೆ ಚೀಪಿ, ಹಾಲು ಸಾಲದೆ ಅಳುತ್ತಿತ್ತು. ತಾಯಿ ಉಣ್ಣದಿದ್ದರೆ ಕೂಸಿಗೆಲ್ಲಿಯ ಹಾಲು?

ಹೊತ್ತು ಮುಳುಗುತ್ತಿದ್ದಾಗ ಹಂಜಾ ಹೊದೆಯಲು ಒಂದು ಕೌದಿ ತಂದುಕೊಟ್ಟಳು.

"ನನ್ನ ಮ್ಯಾಲೆ ಸಿಟ್ಟಿಲ್ಲೇನು ನಿನಗ?"

"ನಿನ್ನ ಮೇಲೆ ಇಲ್ಲ, ಅಕ್ಕಾ. ನಿನ್ನ ಬಾಬಾನ ಚಿಂತೆ. ವಯಸ್ಸಾದ ಜೀವ. ಅವರೂ ಮೂರು ದಿನದಿಂದ ಒಂದು ಗುಟುಕು ಹಾಲು ಕುಡಿದಿಲ್ಲವಲ್ಲ."

ಸಾವಂತ್ರೆವ್ವ ಬೆಚ್ಚಿದಳು. "ಯಾರು? ಅಜ್ಜಾರು?"

"ನಾವು ಕೊಟ್ಟಾಗಲೆಲ್ಲ ಎರಡೂ ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ. ಹಣೆಗೆ ಮುಟ್ಟಿಸುತ್ತಾರೆ. ಆಮೇಲೆ ಮರಿಯ ಬಾಯಿಗೆ ಹಿಡಿಯುತ್ತಾರೆ. 'ನನ್ನ ಮಗಳು ಉಣ್ಣಲಿ, ಆಮೇಲೆ ನಾನು,' ಅನ್ನುತ್ತಾರೆ."

ಮೂರು ದಿನ ಮುಂದೆ ತೇಲುತ್ತಿದ್ದ ಆ ಕಪ್ಪು ಚುಕ್ಕೆ ಸಾವಂತ್ರೆವ್ವನ ಕಣ್ಣ ಮುಂದೆ ಬಂತು. ತನ್ನಷ್ಟೇ ಹಸಿದು, ತನ್ನಷ್ಟೇ ದೂರ ನಡೆದಿದ್ದರು ಅವರು. ತಾನೋ, ಕೂಳಿಗಾಗಿ ಕೈಯೊಡ್ಡುವ ಮುದುಕನೆಂದು ಅವರ ಬೆನ್ನನ್ನು ನೋಡಿ ನಗುತ್ತ ಬಂದಿದ್ದಳು.

ನಸುಕು ಹರಿಯುವ ಹೊತ್ತಿಗೆ ಆಕೆ ಎದ್ದು ಹೋದಳು. ಮಂಜು ಮರಳಿನ ಮೇಲೆ ಮಲಗಿತ್ತು. ಒಂಟೆಗಳ ಕೊರಳುಗಳು ಮಾತ್ರ ಅದರಿಂದ ಮೇಲೆದ್ದು, ಬೇರಿಲ್ಲದ ಮರಗಳಂತೆ ತೂಗುತ್ತಿದ್ದವು. ಅಜ್ಜನವರು ಒಂದು ಒಂಟೆಯ ಪಕ್ಕದಲ್ಲಿ ಕುಳಿತು ಅದರ ಉಣ್ಣೆಗೆ ಅಂಟಿದ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು.

"ಅಜ್ಜಾರ, ನೀವ್ಯಾಕ ಉಪವಾಸ ಅದೀರಿ?"

"ನೀ ಉಂಡಿಲ್ಲಲ್ಲವ್ವಾ."

ಆಕೆಗೆ ಅಳು ಒತ್ತರಿಸಿ ಬಂತು. "ನನಗ ಬೇಡಾಕ ಬರೂದಿಲ್ರೀ. ಸತ್ರೂ ಬರೂದಿಲ್ಲ."

ಅಜ್ಜನವರು ಮುಳ್ಳು ಬಿಡಿಸುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಬೇಡಬ್ಯಾಡ. ಹಸಿವ್ಯಾಗೇತಿ ಅಂತ ಖರೇ ಹೇಳು, ಸಾಕು."

ಎಕ್ಕದ ಗಿಡ ಹತ್ತೇ ಹೆಜ್ಜೆಯಲ್ಲಿತ್ತು. ಸಾವಂತ್ರೆವ್ವ ಅಗಲವಾದ ಒಂದು ಎಲೆ ಕಿತ್ತಳು. ತೊಟ್ಟನ್ನು ಮರಳಿಗೆ ಒರೆಸಿ ಮಡಿಸಿದಳು. ಮಂಜಿನೊಳಗೆ ನಡೆದು, ಗುಡಾರದ ಬಾಯಲ್ಲಿ ಕುಳಿತಿದ್ದ ದಾಪು ಮಾಳ ಮುಂದೆ ನಿಂತಳು. ಮೂರು ದಿನ ನಡೆದುದಕ್ಕಿಂತ ಆ ಗುಡಾರದವರೆಗಿನ ಹೆಜ್ಜೆಗಳೇ ಆಕೆಗೆ ದೂರವಾದವು. ಅವರ ಮಾತು ಬಾಯಿಗೆ ಬರಲೊಲ್ಲದು. ಬಂದದ್ದು ತನ್ನ ಮಾತೇ.

"ಯವ್ವಾ, ಹಸಿವ್ಯಾಗೇತಿ."

ಅರ್ಥ ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ದಾಪು ಮಾ ಮಗನನ್ನು ಕೂಗಿದಳು. ವಾಘಾರಾಮ ಒಂಟಿಕಾಲಿನಲ್ಲಿ ನಿಂತ. ಗಡಿಗೆಯಲ್ಲಿ ಹಾಲಿನ ಸದ್ದು ಮಳೆಯ ಮೊದಲ ಹನಿಗಳಂತೆ ಕೇಳಿಸಿತು. ಹಾಲು ಸ್ವಲ್ಪ ಉಪ್ಪು, ಸ್ವಲ್ಪ ಸಿಹಿ. ಅರ್ಧ ಹಾಲು, ಅರ್ಧ ಕಣ್ಣೀರು ಕುಡಿದಳು ಸಾವಂತ್ರೆವ್ವ. ಹತ್ತೊಂಬತ್ತು ವರ್ಷಗಳಿಂದ ಒಳಗೇ ಉಳಿದಿದ್ದ ಆ ಮುಳ್ಳು ಅದರ ಜೊತೆ ಕೆಳಗಿಳಿಯಿತು.

ಎಲೆಯನ್ನು ಮತ್ತೆ ತುಂಬಿಸಿಕೊಂಡು ಅಜ್ಜನವರಲ್ಲಿಗೆ ಒಯ್ದಳು. ಅವರು ಎಂದಿನಂತೆ ಎರಡೂ ಕೈಯೊಡ್ಡಿದರು. ಎಷ್ಟೋ ಸಲ ನೋಡಿದ್ದ ಆ ಕೈಗಳ ಆಚೆ ಆಕೆ ಅಂದು ಮೊದಲ ಸಲ ಅವರ ಕಣ್ಣುಗಳನ್ನು ನೋಡಿದಳು. ಅವು ಹಾಲನ್ನು ನೋಡುತ್ತಿರಲಿಲ್ಲ, ಕೊಡುವವಳ ಮುಖವನ್ನು ನೋಡುತ್ತಿದ್ದವು. ಆಕೆ ಅಲ್ಲಿಯೇ ಮರಳಿನ ಮೇಲೆ ಅವರ ಪಾದಗಳಿಗೆ ಹಣೆಯಿಟ್ಟಳು.

ಮುಂದೆ ಎರಡು ದಿನಕ್ಕೆ ಗದ್ದುಗೆ ಸಿಕ್ಕಿತು. ಅಲ್ಲಿ ರಾಯಿಕಾ ಜನ ಬೇರೆ ದಿಕ್ಕಿಗೆ ತಿರುಗಬೇಕಿತ್ತು. ಬೀಳ್ಕೊಡುವಾಗ ದಾಪು ಮಾ ಒಂದು ಎಳೆಯ ಹೆಣ್ಣೊಂಟೆಯನ್ನು ಮುಂದೆ ತಂದು ನಿಲ್ಲಿಸಿದಳು. "ನಮ್ಮಲ್ಲಿ ಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಇದು ನಿನ್ನದು. ನಮ್ಮ ಹಿಂಡಿನಲ್ಲೇ ಇರಲಿ. ಇದರ ಮರಿಗಳೂ ನಿನ್ನವೇ. ಮಾರುವಂತಿಲ್ಲ, ನೆನಪಿಡು."

'ಬ್ಯಾಡ' ಎಂಬ ಮಾತು ತುದಿನಾಲಿಗೆಗೆ ಬಂದಿತ್ತು. ಸಾವಂತ್ರೆವ್ವ ಅದನ್ನು ನುಂಗಿ ಎರಡೂ ಕೈಯೊಡ್ಡಿದಳು. ಒಂಟೆಯನ್ನು ಅಂಗೈಯಲ್ಲಿ ಇಸಗೊಳ್ಳಲು ನಿಂತವಳನ್ನು ಕಂಡು ಹಂಜಾ ಬಿದ್ದು ಬಿದ್ದು ನಕ್ಕಳು. ದಾಪು ಮಾ ಕೊರಳ ಹಗ್ಗದ ತುದಿಯನ್ನು ಆ ಅಂಗೈಗಳಲ್ಲಿ ಇಟ್ಟಳು.

ಅಜ್ಜನವರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಆ ಎಳೆಯ ಒಂಟೆ ಈಯಿತು, ಅದರ ಮರಿಯೂ ಈಯಿತು. ಸುದ್ದಿ ಮಾರವಾಡಿ ಅಂಗಡಿಯವರ ನೆಂಟರ ಬಾಯಿಂದ ಬಾಯಿಗೆ ದಾಟಿ ಬರುತ್ತದೆ. ಸಾವಂತ್ರೆವ್ವನಿಗೆ ಈಗ ಏಳು ಒಂಟೆಗಳಿವೆ. ಅವುಗಳಲ್ಲಿ ಆರನ್ನು ಆಕೆ ಕಂಡೇ ಇಲ್ಲ. ಅವು ಯಾವ ದಿಬ್ಬದ ಮೇಲೆ ಮೇಯುತ್ತವೋ, ಯಾವ ದಾರಿಹೋಕರು ಅವುಗಳ ಹಾಲು ಕುಡಿಯುತ್ತಾರೋ, ಆಕೆಗೆ ತಿಳಿಯದು. ಅವುಗಳಿಗಾಗಿ ತೆತ್ತದ್ದು ಮೂರು ದಿನದ ಹಸಿವು. ತನ್ನ ಹಸಿವನ್ನು ಆಕೆ ಎಂದೋ ಮರೆತಿದ್ದಾಳೆ. ಅಜ್ಜನವರದನ್ನು ಮರೆಯಲು ಆಗಿಲ್ಲ.