ಹೂ ಬಿಡದ ಅರಮನೆ ಅವರೆ

ಆ ವರ್ಷ ಹೊನ್ನೂರು ಸೀಮೆಗೆ ಒದಗಿದ ವಿಪತ್ತು ಸಣ್ಣದಲ್ಲ: ಚಳಿ ಬಿದ್ದರೂ ಅರಮನೆಯಲ್ಲಿ ಅವರೆಕಾಳಿನ ಸಾರು ಆಗಿರಲಿಲ್ಲ. ದೊರೆ ಬೊಮ್ಮರಸ ಡಂಗುರ ಸಾರಿಸಿದ: "ಅರಮನೆಯ ಅವರೆ ಹೂ ಬಿಟ್ಟಿಲ್ಲ. ಅವರೆಯ ಬಗ್ಗೆ ದೊರೆಯ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವನ ತಲೆ ಹೋಗುವುದು. ಸಂಕ್ರಾಂತಿಯೊಳಗೆ ಹೂ ಬಾರದಿದ್ದರೆ ತೋಟಗಾರ ಮಲ್ಲೇಗನ ತಲೆಯೂ ಹೋಗುವುದು."

ಉತ್ತರ ದೊರೆಗೂ ಗೊತ್ತಿರಲಿಲ್ಲ. ಡಂಗುರದಲ್ಲಿ ಆ ಮಾತು ಸೇರಿಸಿರಲಿಲ್ಲ.

ಹಿಂದಿನ ವರ್ಷ ಕಾಯಿ ಕಳುವಾಗಿದ್ದರಿಂದ ಪಾತಿಯ ಸುತ್ತ ರಾತ್ರಿಯಿಡೀ ಪಂಜು ಉರಿಯುತ್ತಿದ್ದವು. ಈ ಸಲ ಕಾಯಿಯೇ ಇಲ್ಲದ್ದರಿಂದ ಕಾವಲು ಪೂರ್ತಿ ಯಶಸ್ವಿಯಾಗಿತ್ತು. ದೊರೆ ಮಾತ್ರ ದಿನಾ ಬೆಳಗ್ಗೆ ಬರಿ ಎಲೆ ನೋಡಿ ಹಲ್ಲು ಕಡಿದು ಬರುತ್ತಿದ್ದ.

ಮೊದಲು ಮಂತ್ರಿ ಬಂದ. ಮೂರಕ್ಕೂ ಉತ್ತರ ತುಪ್ಪ ಎಂದ. ಬುಡಕ್ಕೆ ತುಪ್ಪ ಸುರಿದರು, ಇರುವೆ ಬಂತು. ಜೋಯಿಸರು ಶನಿ ಎಂದರು. ಶಾಂತಿಯಾಯಿತು, ಊಟವಾಯಿತು, ಹೂವಾಗಲಿಲ್ಲ. ಸಂಕ್ರಾಂತಿಗೆ ತಲೆ ಕೊಡಲು ಇಬ್ಬರೂ ಆಗಲೇ ಸೆರೆಯಲ್ಲಿದ್ದ ಮಲ್ಲೇಗನ ಜೊತೆ ಸೇರಿದರು.

ಕೊನೆಗೆ ಮಲ್ಲೇಗನ ತಮ್ಮ ಯಾಲಕ್ಕಯ್ಯ ಬಂದ. ಪಾತಿಗೆ ಪಂಜು ಹಿಡಿಯುವವನು. ಕಾವಲು ಮುಗಿಸಿ ಆರಿಸಿದ ಪಂಜಿನ ಸಮೇತ ಬಂದಿದ್ದ.

"ನೀನೇನೋ ಹೇಳ್ತೀಯ?" ದೊರೆ ರೇಗಿದ. "ಕೆರೆ ಹಿಂದಿನ ಹೊಲದಲ್ಲಿ ಒಂದು ಸಾಲು ಅವರೆ ಮೊದಲು ಬಿತ್ತಿದ್ದು, ಇನ್ನೊಂದು ಎಷ್ಟೋ ಆಮೇಲೆ. ಅಕ್ಕ ತಂಗಿ ಒಟ್ಟಿಗೇ ಹೂ ಮುಡಿದರು. ಮುಡಿಸಿದವರು ಯಾರು?"

"ರಾತ್ರಿ, ಬುದ್ಧಿ. ಯಾವಾಗ ಬಿತ್ತಿದ್ರೂ ಅಷ್ಟೇ, ಹಗಲು ಕುಗ್ಗಿ ರಾತ್ರಿ ಉದ್ದವಾದ್ರೇನೇ ಅವರೆ ಹೂ ಬಿಡೋದು."

"ಮೊನ್ನೆ ಬಿತ್ತಿದ ಮೂರನೇ ಸಾಲಿಗೂ ಅದೇ ರಾತ್ರಿ ತಾನೆ? ಅವಳೇಕೆ ಮುಡಿಯಲಿಲ್ಲ?"

"ಅದಿನ್ನೂ ತೊಟ್ಟಿಲ ಕೂಸು. ತಲೆಯಲ್ಲಿ ಕೂದಲೇ ಇಲ್ಲ, ಎಲ್ಲಿ ಮುಡಿಯುತ್ತೆ? ಗಿಡಕ್ಕೂ ವಯಸ್ಸಾಗಬೇಕು ಬುದ್ಧಿ."

"ನನ್ನ ಅವರೆಗೆ ವಯಸ್ಸಾಗಿದೆ. ರಾತ್ರಿಯೂ ಉದ್ದ. ಅದಕ್ಕೇನು ಧಾಡಿ?"

ಯಾಲಕ್ಕಯ್ಯ ಕೈಯಲ್ಲಿದ್ದ ಪಂಜು ನೋಡಿದ. ಅದೇ ಅವನ ಅನ್ನ.

"ಅದಕ್ಕೆ ಇನ್ನೂ ರಾತ್ರಿನೇ ಆಗಿಲ್ಲ ಬುದ್ಧಿ. ನಾವು ಬೆಳಕು ಹಿಡಿದು ನಿಂತಿದ್ದೀವಿ."

ಸಭೆ ಗಂಟಲು ಸರಿಮಾಡಿಕೊಂಡಿತು.

"ಪಂಜು ತೆಗೆದರೆ ಕಳ್ಳರು?" ದೊರೆ ಕೇಳಿದ.

"ಕಾಯಿ ಬಂದ್ರೆ ತಾನೆ ಕಳ್ಳರು ಬರೋದು!"

ದೊರೆ ಪಂಜು ತೆಗೆಸಿದ. ಮುಂಜಾಗ್ರತೆಗೆ ಯಾಲಕ್ಕಯ್ಯನನ್ನೂ ಒಳಗೆ ಹಾಕಿಸಿದ. ಸಂಕ್ರಾಂತಿಗೆ ಮೊದಲೇ ಬಳ್ಳಿ ಹೂ ಬಿಟ್ಟಿತು. ದೊರೆ ಯಾಲಕ್ಕಯ್ಯನನ್ನು ಹೊರಗೆ ಕರೆಸಿದ.

"ಏನು ಬೇಕು, ಕೇಳು."

"ಒಳಗಿರೋ ಮೂರು ತಲೆ ಕೊಡಿಸಿ ಬುದ್ಧಿ. ಮೈ ಸಮೇತ."

ಕೊಟ್ಟರು. ಮೇಲೆ, ದೊರೆ ತಾನಾಗಿ ಅವನನ್ನು ಪಂಜಿನವರ ಮುಖ್ಯಸ್ಥನನ್ನಾಗಿ ಮಾಡಿದ. ಆ ಹೊತ್ತಿಗೆ ಪಂಜು ಇರಲಿಲ್ಲ.

ಕತ್ತಲಲ್ಲಿ ಅರ್ಧ ಕಾಯಿ ಕಳುವಾಯಿತು. ಉಳಿದರ್ಧ ಸಾರಾಯಿತು.