ಇನ್ನೂರು ಗೂಡುಗಳ ಪಟ್ಟಿ

ಗೀಜಗವೊಂದು ವಾರಕ್ಕೊಮ್ಮೆ ಎಲೆಯ ಮೇಲೆ ಸುದ್ದಿ ಬರೆದು ಆಲದಮರಕ್ಕೆ ಕೊಡುತ್ತಿತ್ತು. ಮರ ಆ ಓಲೆಯನ್ನು ಇನ್ನೂರು ಗೂಡುಗಳಿಗೆ ತಲುಪಿಸುತ್ತಿತ್ತು. ಒಂದು ದಿನ ಕೇರೆಹಾವು ಮರದ ದೂತನ ಗುರುತೆಂಬಂತೆ ತಲೆಯ ಮೇಲೆ ಆಲದೆಲೆ ಇಟ್ಟುಕೊಂಡು ಗೀಜಗದ ಬಳಿ ಬಂತು.

“ಆಲದಮರವೇ ನನ್ನನ್ನು ಕಳಿಸಿದೆ. ನಿನ್ನ ಓದುಗರ ಗೂಡುಗಳ ಪಟ್ಟಿ ಕೊಡು. ಇಲ್ಲದಿದ್ದರೆ ಸಂಜೆಯೊಳಗೆ ನಿನ್ನ ಓಲೆ ಬಂದ್!”

“ಆ ಪಟ್ಟಿ ಮರದ ಹತ್ತಿರವೇ ಇದೆಯಲ್ಲ! ಇರು, ನಾನೇ ಹೋಗಿ ಕೇಳಿ ಬರುತ್ತೇನೆ.”

“ಅಷ್ಟು ಹೊತ್ತಿಲ್ಲ. ಓಲೆ ನಿಂತೇ ಹೋಗುತ್ತದೆ!”

“ನಿಲ್ಲಲಿ. ಓಲೆಯನ್ನು ಮತ್ತೆ ಬರೆಯಬಹುದು. ನೀನು ನುಂಗಿದ ಮೊಟ್ಟೆ ಮತ್ತೆ ಬರುವುದಿಲ್ಲ,” ಎಂದು ಗೀಜಗ ಹಾರಿಹೋಯಿತು.

ಮರ ಯಾರನ್ನೂ ಕಳಿಸಿರಲಿಲ್ಲ.

ಆ ವಾರದ ಓಲೆಯಲ್ಲಿ ಗೀಜಗ ಬರೆದದ್ದು ಇಷ್ಟೇ: “ನನ್ನ ಹೆಸರು ಹೇಳಿಕೊಂಡು ಯಾರು ಬಂದರೂ ಗೂಡಿನ ಬಾಗಿಲು ತೆಗೆಯಬೇಡಿ. ನಾನೇ ಬಂದರೂ ತೆಗೆಯಬೇಡಿ.”